ದೂರಪ್ಪನ ಕಣ್ಣಿನ ಮೋರಿ

ದೂರಪ್ಪ ಅಳುವುದಿಲ್ಲ ಎಂಬ ಸಂಗತಿ ಇಡೀ ಓಣಿಗೆ ಗೊತ್ತಿತ್ತು. ತಿಳಿಸಿದವಳು ಅವನ ಹೆಂಡತಿಯೇ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಊರಿನ ಒಳಚರಂಡಿ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಮೇಜಿನ ಹಿಂದೆ ಕೂತು ಕೂತು ಆ ಹೆಸರು ಸವೆದುಹೋಗಿ, ದೂರಪ್ಪ ಎಂಬುದಷ್ಟೇ ಉಳಿದಿತ್ತು. ಯಾರ ಬಚ್ಚಲು ಕಟ್ಟಿತು, ಯಾರ ಮೋರಿ ಯಾರ ಬಾಗಿಲಿಗೆ ಉಕ್ಕಿತು, ಎಲ್ಲ ಅವನಿಗೆ ಬಾಯಿಪಾಠ. ಸಲಾಕೆ ಹಿಡಿದು ಮೋರಿಗೆ ಇಳಿದವನಲ್ಲ. ಕುರ್ಚಿಯಿಂದ ಎದ್ದದ್ದೇ ಅಪರೂಪ. ಆದರೂ ಕಟ್ಟಿ ನಿಂತ ನೀರಿನ ವಿಷಯದಲ್ಲಿ ತನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ಅವನು ದೃಢವಾಗಿ ನಂಬಿದ್ದ.

ಮನೆಯಲ್ಲಿ ಅವನ ಮೇಲೆಯೇ ಒಂದು ದೂರಿತ್ತು, ಹಳೆಯದು. ಮಾವ ತೀರಿಕೊಂಡ ದಿನ ಹೆಂಡತಿಯ ತವರಿನಲ್ಲಿ ಎಲ್ಲರೂ ಗೋಳೋ ಎಂದು ಅಳುತ್ತಿದ್ದಾಗ ದೂರಪ್ಪ ಒಂದು ತೊಟ್ಟೂ ಕಣ್ಣೀರು ಹಾಕಿರಲಿಲ್ಲ. ಹೋಗಲಿ, ಸುಮ್ಮನಾದರೂ ನಿಲ್ಲಬೇಕಿತ್ತು. ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ ಭಾಮೈದನ ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಬಚ್ಚಲಲ್ಲಿ ನೀರು ನಿಲ್ತಾ ಇದೆ, ಒಂದ್ಸಲ ನೋಡಿಸಿಬಿಡಿ," ಅಂದಿದ್ದ. ಅಂದಿನಿಂದ ಆ ಮನೆಯವರ ಬಾಯಲ್ಲಿ ಅವನು ಕಲ್ಲು. ಹೆಂಡತಿಗಂತೂ ಯಾವ ಜಗಳ ಎಲ್ಲಿಂದ ಹೊರಟರೂ ಕೊನೆಗೆ ಆ ಬಚ್ಚಲಿಗೇ ಬಂದು ಸೇರಬೇಕು.

ಹೀಗಿರುವಾಗ ದೂರಪ್ಪನಿಗೆ ಸಣ್ಣಕ್ಷರ ಕಾಣುವುದು ಕಷ್ಟವಾಯಿತು. ಕನ್ನಡಕ ಬದಲಾಯಿಸಿದರೆ ಸಾಕು ಅಂದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿದ್ದ ಡಾಕ್ಟರಮ್ಮ ಅವನ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ನೀಲಿ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

"ಕಣ್ಣೊಳಗೆ ಒತ್ತಡ ಜಾಸ್ತಿ ಇದೆ. ಗ್ಲಾಕೋಮಾ ಅಂತೀವಿ," ಅಂದರು. "ಕಣ್ಣಿನ ಒಳಗಡೆ ಒಂದು ನೀರು ಉತ್ಪತ್ತಿ ಆಗ್ತಾನೇ ಇರುತ್ತೆ. ಅದು ಹರಿದುಹೋಗೋಕೆ ಮೂಲೆಯಲ್ಲಿ ಒಂದು ಜಾಲರಿ ಇದೆ. ನಿಮ್ಮ ಜಾಲರಿ ಕಟ್ಟಿಕೊಂಡಿದೆ. ಚರಂಡಿ ಕಟ್ಟಿದ ಹಾಗೆ ಅಂದುಕೊಳ್ಳಿ."

ಅಂದುಕೊಳ್ಳಿ ಎಂಬ ಮಾತು ದೂರಪ್ಪನ ಕಿವಿಗೆ ಬೀಳಲೇ ಇಲ್ಲ. ಚರಂಡಿ ಮಾತ್ರ ಬಿತ್ತು. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಈ ನೀರು ಅಂದ್ರೆ ಕಣ್ಣೀರು..." ಎಂದು ಡಾಕ್ಟರಮ್ಮ ಮುಂದುವರಿಸಿದರು.

"ಬಿಡಿ ಡಾಕ್ಟ್ರೇ, ಅರ್ಥ ಆಯ್ತು," ಎಂದ ದೂರಪ್ಪ. "ಅದು ನಮ್ಮ ಡಿಪಾರ್ಟ್‌ಮೆಂಟು."

'ಅಲ್ಲ' ಎಂಬ ಶಬ್ದ ಡಾಕ್ಟರಮ್ಮನ ಬಾಯಲ್ಲೇ ಉಳಿಯಿತು. ಹೊರಗೆ ರೋಗಿಗಳ ಸಾಲು ಬಾಗಿಲವರೆಗೆ ಬಂದಿತ್ತು. ಅವರು ದಿನಾ ಹಾಕಲು ಹನಿಮದ್ದು ಬರೆದುಕೊಟ್ಟು, ಮುಂದಿನ ವಾರ ಲೇಸರ್ ಮಾಡೋಣ, ಜಾಲರಿ ಸ್ವಲ್ಪ ತೆರೆದುಕೊಳ್ಳುತ್ತೆ ಎಂದು ಹೇಳಿ ಕಳಿಸಿದರು. ಒಂದೇ ಒಂದು 'ಅಲ್ಲ' ಆ ಕೋಣೆಯಲ್ಲಿ ಬಿಟ್ಟುಹೋದದ್ದರಿಂದ ಒಂದು ಸಂಸಾರ, ಒಂದು ಓಣಿ ಮತ್ತು ಒಂದು ಸರ್ಕಾರಿ ಕಚೇರಿ ಯಾವ ಗತಿಗೆ ಬಂದವು ಎಂಬುದೇ ಮುಂದಿನ ಕಥೆ.

"ಡಾಕ್ಟರು ಏನಂದ್ರು?" ಎಂದು ಕೇಳಿದಳು ಹೆಂಡತಿ, ಅವನು ಚಪ್ಪಲಿ ಬಿಡುವ ಮೊದಲೇ.

"ಮೋರಿ ಕಟ್ಟಿದೆ."

"ರೀ, ನಾನು ಕಣ್ಣಿನದು ಕೇಳಿದ್ದು."

"ನಾನೂ ಕಣ್ಣಿನದೇ ಹೇಳಿದ್ದು. ಕಣ್ಣೀರು ಹೊರಗೆ ಹೋಗೋ ದಾರಿ ಮುಚ್ಚಿಹೋಗಿದೆಯಂತೆ. ಎಲ್ಲಾ ಒಳಗೇ ನಿಂತು ಒತ್ತಡ ಏರಿದೆ."

ಹೆಂಡತಿಯ ಕೈಯಲ್ಲಿದ್ದ ಪಾತ್ರೆ ಅರ್ಧಕ್ಕೇ ನಿಂತಿತು. "ಎಷ್ಟು ದಿನದಿಂದ?"

"ವರ್ಷಗಳೇ ಆಗಿರಬಹುದು. ಇಂಥದ್ದೆಲ್ಲ ನಿಧಾನವಾಗಿ ಕಟ್ಟುತ್ತೆ."

"ಹಾಗಾದ್ರೆ..." ಅವಳ ದನಿ ಸಣ್ಣಗಾಯಿತು. "ಅಪ್ಪ ಹೋದಾಗ ನಿಮಗೆ ಅಳು ಬಂದಿತ್ತು. ಹೊರಗೆ ಬರೋಕೆ ದಾರಿ ಇರಲಿಲ್ಲ."

ಸುಳ್ಳು ಹೇಳಬೇಕೆಂದು ದೂರಪ್ಪ ಎಂದೂ ಅಂದುಕೊಂಡಿರಲಿಲ್ಲ. ಆದರೆ ಅವಳೇ ಬಾಗಿಲು ತೆರೆದು, ದೀಪ ಹಚ್ಚಿ, ಕುರ್ಚಿ ಹಾಕಿಟ್ಟಿರುವಾಗ ಒಳಗೆ ಹೋಗದೆ ಇರಲು ಅವನೇನು ಸನ್ಯಾಸಿಯೇ?

"ಈಗ ಹೇಳಿ ಏನು ಪ್ರಯೋಜನ," ಎಂದು ಕಿಟಕಿಯ ಕಡೆ ತಿರುಗಿದ.

ಅಂದು ರಾತ್ರಿ ಅವನ ತಟ್ಟೆಗೆ ಕೇಳದೆಯೇ ಎರಡನೇ ಸಲ ಊಟ ಬಿತ್ತು. ಊಟದ ನಂತರ ಹೆಂಡತಿ ತಮ್ಮನಿಗೆ ಫೋನ್ ಮಾಡಿ, "ಪಾಪ ಕಣೋ, ನಾವು ಏನೇನೋ ಅಂದುಬಿಟ್ವಿ. ಅಪ್ಪನಿಗೋಸ್ಕರ ಬಂದ ಕಣ್ಣೀರು ಇನ್ನೂ ಹಾಗೇ ಅವರ ಕಣ್ಣೊಳಗೆ ನಿಂತಿದೆಯಂತೆ," ಎಂದು ಮೂಗು ಸೇದಿದಳು.

ಬೆಳಗಾಗುವಷ್ಟರಲ್ಲಿ ಸುದ್ದಿ ಓಣಿಯ ಆ ತುದಿ ಮುಟ್ಟಿ ವಾಪಸು ಬಂದಿತ್ತು. ಕೆಳಗಿನ ಮನೆಯ ದರ್ಜಿ, "ಎಷ್ಟು ಲೀಟರ್ ಇರಬಹುದು ಸ್ವಾಮಿ?" ಎಂದು ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದು ಕೇಳಿದ. ಎದುರುಮನೆಯ ಟೀಚರಮ್ಮ ಕೆಲಸದಿಂದ ನಿವೃತ್ತರಾಗಿದ್ದರೂ ಪಾಠ ಹೇಳುವುದರಿಂದ ಆಗಿರಲಿಲ್ಲ. ಅವರು ಓಣಿಯ ಹೆಂಗಸರನ್ನೆಲ್ಲ ಸೇರಿಸಿ, "ನೋಡಿ, ಹೊರಗೆ ಅಳೋರನ್ನ ಎಲ್ಲರೂ ನೋಡ್ತಾರೆ. ಒಳಗೆ ಅಳೋರನ್ನ ಯಾರು ನೋಡ್ತಾರೆ?" ಎಂದರು. ಯಾರೂ ನೋಡುವುದಿಲ್ಲ ಎಂದು ಎಲ್ಲರೂ ಒಪ್ಪಿ, ಅಂದಿನಿಂದ ಎಲ್ಲರೂ ದೂರಪ್ಪನನ್ನೇ ನೋಡತೊಡಗಿದರು.

ದೂರಪ್ಪನಿಗೆ ಈ ಗೌರವ ಹಿಡಿಸಿತು. ನಡಿಗೆ ನಿಧಾನವಾಯಿತು. ಕಚೇರಿಯಲ್ಲಿ ಯಾರಾದರೂ ಮೋರಿ ಉಕ್ಕಿತು ಎಂದು ದೂರು ತಂದರೆ, ಕಣ್ಣು ಅರ್ಧ ಮುಚ್ಚಿ, "ಉಕ್ಕಿದ್ದು ಪುಣ್ಯ. ಉಕ್ಕದೆ ಒಳಗೇ ನಿಂತರೆ ಏನಾಗುತ್ತೆ ಅಂತ ನನಗೆ ಗೊತ್ತು," ಎನ್ನುತ್ತಿದ್ದ. ದೂರು ತಂದವರು ಅರ್ಥವಾಗದೆ ಹೋಗುತ್ತಿದ್ದರು. ಮೋರಿ ಉಕ್ಕುತ್ತಲೇ ಇರುತ್ತಿತ್ತು.

ಲೇಸರ್ ದಿನ ಬಂತು. ಕಣ್ಣು ಮರಗಟ್ಟಿಸುವ ಹನಿ ಹಾಕಿ, ಅಂಟಂಟಾದ ಒಂದು ಗಾಜನ್ನು ಕಣ್ಣಿಗೆ ಒತ್ತಿಹಿಡಿದು, ಡಾಕ್ಟರಮ್ಮ ಅಲುಗಾಡಬೇಡಿ ಅಂದರು. ಹಸಿರು ಮಿಣುಕು ಒಂದಾದ ಮೇಲೊಂದು ಬಂತು. ಮೋರಿ ಶುದ್ಧಿಯ ಯಾವ ಸದ್ದೂ ಇಲ್ಲ, ವಾಸನೆಯೂ ಇಲ್ಲ. ದೂರಪ್ಪನಿಗೆ ಒಳಗೊಳಗೇ ಅನುಮಾನವಾಯಿತು. ಇಷ್ಟು ಬೇಗ ಮುಗಿಯುವ ಕೆಲಸವನ್ನು ಅವನ ಇಲಾಖೆ ಕಂಡೇ ಇರಲಿಲ್ಲ.

"ಇದರ ಫಲ ಗೊತ್ತಾಗೋಕೆ ಕೆಲವು ವಾರ ಬೇಕು," ಎಂದು ಹೇಳಿ ಡಾಕ್ಟರಮ್ಮ ಮುಂದಿನ ರೋಗಿಯ ಕಡೆ ಹೋದರು. ಹೊರಡುವಾಗ ನರ್ಸಮ್ಮ ಬಾಗಿಲಲ್ಲಿ ನಿಂತು ಎಚ್ಚರಿಕೆ ಕೊಟ್ಟಳು: "ನೋಡಿ, ಏನೇ ಆದರೂ ಹನಿ ಮಾತ್ರ ಬಿಡಬೇಡಿ."

ಈ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಎಂಬುದು ನರ್ಸಮ್ಮನ ತಪ್ಪಲ್ಲ. ದಿನಾ ಹಾಕುವುದನ್ನು ನಿಲ್ಲಿಸಬೇಡಿ ಎಂದು ಅವಳು ಹೇಳಿದಳು. ಕಣ್ಣಿಗೆ ಹನಿ ಬಿಟ್ಟುಕೊಳ್ಳಲೇಬೇಡಿ ಎಂದು ದೂರಪ್ಪ ಕೇಳಿಸಿಕೊಂಡ. ಕಣ್ಣಿಗೆ ಬಿದ್ದಾಗಲೆಲ್ಲ ಚುರ್ರೆನ್ನುತ್ತಿದ್ದ ಆ ಔಷಧಿ ಅವನಿಗೆ ಮೊದಲಿನಿಂದಲೂ ಬೇಡವಾಗಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ. "ಸರಿಯಾದ ಮಾತು," ಎಂದು ಹೆಂಡತಿಗೆ ವಿವರಿಸಿದ. "ಈಗಷ್ಟೇ ಮೋರಿ ತೆಗೆಸಿದ್ದೀವಿ. ಮೇಲಿಂದ ಮತ್ತೆ ನೀರು ಸುರಿದರೆ ಹೇಗೆ?" ಬಾಟಲಿ ಕಪಾಟಿನ ಮೇಲುಗಡೆ ಹೋಯಿತು.

ಮೋರಿ ತೆರೆದ ಮೇಲೆ ನೀರು ಬರಬೇಕಲ್ಲ. ಮೊದಲ ಭಾನುವಾರವೇ ಭಾಮೈದ ಹೆಂಡತಿ ಮಕ್ಕಳ ಸಮೇತ ಬಂದಿಳಿದ. ಅವನ ಕಣ್ಣೀರು ಊರಲ್ಲೇ ಪ್ರಸಿದ್ಧ. ಟೀವಿಯಲ್ಲಿ ಯಾರಾದರೂ ರೈಲು ತಪ್ಪಿಸಿಕೊಂಡರೂ ಅವನ ಕಣ್ಣು ತುಂಬುತ್ತಿತ್ತು. ಬರುವಾಗ ಅಪ್ಪನ ದೊಡ್ಡ ಫೋಟೋವನ್ನೇ ಹೊತ್ತು ತಂದಿದ್ದ. ಅದನ್ನು ದೂರಪ್ಪನ ಎದುರಿಗೆ ಕುರ್ಚಿಯ ಮೇಲೆ ಇಟ್ಟು ಎಲ್ಲರೂ ಸುತ್ತ ಕೂತರು. ದರ್ಜಿಯೂ ಟೀಚರಮ್ಮನೂ ಬಾಗಿಲ ಹತ್ತಿರ ಜಾಗ ಹಿಡಿದರು.

"ಶುರು ಮಾಡಿ ಭಾವ," ಎಂದ ಭಾಮೈದ. "ಸಂಕೋಚ ಬೇಡ. ನಾವೆಲ್ಲ ಮನೆಯವರೇ."

ದೂರಪ್ಪ ಫೋಟೋ ನೋಡಿದ. ಫೋಟೋದಲ್ಲಿದ್ದ ಮಾವನೂ ಅವನನ್ನು ನೋಡಿದರು. ಬದುಕಿದ್ದಾಗ ನೋಡುತ್ತಿದ್ದ ಹಾಗೇ, ಇವನಿಂದ ಏನೂ ಆಗದು ಎಂಬಂತೆ. ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ದೂರಪ್ಪನ ಕಣ್ಣಲ್ಲಿ ಎಣ್ಣೆಯೂ ಇಲ್ಲ, ನೀರೂ ಇಲ್ಲ.

"ಬರ್ತಾ ಇದೆಯಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಲೈನು ತೆಗೆದ ತಕ್ಷಣ ನೀರು ಬರಲ್ಲ ಕಣೇ. ಮೊದಲು ಗಾಳಿ ಬರುತ್ತೆ," ಎಂದು ದೂರಪ್ಪ ಒಂದು ದೀರ್ಘ ನಿಟ್ಟುಸಿರು ಬಿಟ್ಟ.

ಗಾಳಿ ಬಂದದ್ದನ್ನು ಎಲ್ಲರೂ ಗಮನಿಸಿದರು. ಬೇರೇನೂ ಬರಲಿಲ್ಲ. ಕೊನೆಗೆ ಕಾದು ಕಾದು ಭಾಮೈದನೇ ಅತ್ತು, ಊಟ ಮಾಡಿ, ಫೋಟೋ ಹೊತ್ತುಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಮರುದಿನದಿಂದ ದೂರಪ್ಪನ ತಟ್ಟೆಗೆ ಎರಡನೇ ಸಲ ಬಡಿಸುವುದು ನಿಂತುಹೋಯಿತು.

ಕಚೇರಿಯಲ್ಲೂ ಪೀಕಲಾಟ ಕಾದಿತ್ತು. ದೊಡ್ಡ ಸಾಹೇಬರು ನಿವೃತ್ತರಾಗುವವರಿದ್ದರು. ಅವರಿಗಾಗಿ ಕಣ್ಣೀರು ಹಾಕುವವರು ಕಚೇರಿಯಲ್ಲಿ ಒಬ್ಬರೂ ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ದೂರಪ್ಪನ ಸುದ್ದಿ ಕೇಳಿದಾಗ ಅವರ ಮುಖ ಅರಳಿತು. "ಅವರನ್ನ ಮುಂದಿನ ಸಾಲಲ್ಲಿ ಕೂರಿಸಿ," ಎಂದು ಅಪ್ಪಣೆಯಾಯಿತು.

ದೂರಪ್ಪ ಈ ಸಲ ತಯಾರಾಗಿ ಹೋದ. ಹೆಚ್ಚಿದ ಈರುಳ್ಳಿಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡ. ಸಾಹೇಬರು ಭಾಷಣ ಮಾಡುತ್ತ, "ಈ ಕಟ್ಟಡವನ್ನು ಬಿಟ್ಟು ಹೋಗುವುದೆಂದರೆ..." ಎಂದು ನಿಲ್ಲಿಸಿ ದೂರಪ್ಪನನ್ನು ನೋಡಿದರು. ಅವನು ಕರವಸ್ತ್ರ ತೆಗೆದು ಕಣ್ಣಿನ ಹತ್ತಿರ ಹಿಡಿದ. ಅಷ್ಟರಲ್ಲಿ ಸಾಹೇಬರ ಮನಸ್ಸು ಕರಗಿಬಿಟ್ಟಿತು. ವೇದಿಕೆಯಿಂದ ಇಳಿದು ಬಂದು, "ಬೇಡ, ನನಗಾಗಿ ಅಳಬೇಡಿ," ಎಂದು ಅವನ ಕರವಸ್ತ್ರವನ್ನು ಕಿತ್ತುಕೊಂಡು ತಮ್ಮ ಕಣ್ಣಿಗೇ ಒತ್ತಿಕೊಂಡರು.

ಆಮೇಲೆ ಸಾಹೇಬರು ಅತ್ತ ಅಳುವನ್ನು ಆ ಕಚೇರಿ ಇಂದಿಗೂ ನೆನೆಯುತ್ತದೆ. ಭಾಷಣ ಮುಂದುವರಿಸಲು ಆಗಲೇ ಇಲ್ಲ. ಎಷ್ಟು ಒರೆಸಿಕೊಂಡರೂ ನಿಲ್ಲದು, ಒರೆಸಿಕೊಂಡಷ್ಟೂ ಹೆಚ್ಚು. ಇಷ್ಟು ಮೃದು ಮನಸ್ಸಿನವರನ್ನು ತಾವು ತಪ್ಪು ತಿಳಿದೆವಲ್ಲ ಎಂದು ಗುಮಾಸ್ತರೆಲ್ಲ ಕಣ್ಣೊರೆಸಿಕೊಂಡರು. ಇಡೀ ಸಭಾಂಗಣದಲ್ಲಿ ಒಣಗಿದ ಕಣ್ಣು ಇದ್ದದ್ದು ಒಬ್ಬನದೇ. ಮುಂದಿನ ಸಾಲು, ಮಧ್ಯದ ಕುರ್ಚಿ.

ಈ ಸುದ್ದಿ ಮನೆಗೆ ದೂರಪ್ಪನಿಗಿಂತ ಮೊದಲು ತಲುಪಿತು.

"ಸಾಹೇಬ್ರೇ ಅತ್ರಂತೆ. ನೀವು ಗೊಂಬೆ ಥರ ಕೂತಿದ್ರಂತೆ," ಎಂದಳು ಹೆಂಡತಿ. "ಲೇಸರ್ ಹಾಕಿದ್ದು ಸರಿ ಆಗಿಲ್ಲವೋ, ಇಲ್ಲ ನಿಮ್ಮೊಳಗೆ ಮೊದಲಿಂದಲೂ ಏನೂ ಇರಲಿಲ್ಲವೋ, ಎರಡರಲ್ಲಿ ಒಂದು ಇತ್ಯರ್ಥ ಆಗ್ಬೇಕು. ತಮ್ಮನಿಗೂ ಬರೋಕೆ ಹೇಳಿದ್ದೀನಿ."

ಹೀಗೆ ಮರುತಪಾಸಣೆಯ ದಿನ ಮೂವರೂ ಹೋದರು. ನಡುವೆ ದೂರಪ್ಪ, ಆಚೀಚೆ ಅಕ್ಕ ತಮ್ಮ, ಆರೋಪಿಯನ್ನು ಕರೆದೊಯ್ಯುವ ಹಾಗೆ.

ಡಾಕ್ಟರಮ್ಮ ಒತ್ತಡ ಅಳೆದರು. ಮತ್ತೊಮ್ಮೆ ಅಳೆದರು. ಅವರ ಹುಬ್ಬು ಗಂಟಾಯಿತು.

"ಮೊದಲಿಗಿಂತ ಜಾಸ್ತಿ ಇದೆ. ಹನಿ ಬಿಟ್ರಾ?"

"ಇಲ್ಲ ಡಾಕ್ಟ್ರೇ. ಒಂದು ದಿನವೂ ಬಿಟ್ಟಿಲ್ಲ."

"ಹಾಗಾದ್ರೆ ಆ ಬಾಟಲಿ ಖಾಲಿ ಆಗಿರಬೇಕಲ್ಲ. ಹೊಸದು ತಗೊಂಡ್ರಾ?"

"ಯಾಕೆ? ಹಳೇದೇ ಇನ್ನೂ ಬೇಕಾದಷ್ಟಿದೆ."

"ಬಿಟ್ಟಿಲ್ಲ ಅಂದ್ರಿ?"

"ಬಿಟ್ಟಿಲ್ಲ. ಅದಕ್ಕೇ ಉಳಿದಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನರ್ಸಮ್ಮನನ್ನು ನೋಡಿದರು. ನರ್ಸಮ್ಮ ಗೋಡೆ ನೋಡಿದಳು. "ನಾನು ಹೇಳಿದ್ದು ನಿಲ್ಲಿಸಬೇಡಿ ಅಂತ," ಎಂದಳು ಕೊನೆಗೆ.

"ಅದನ್ನ ಹಾಗೇ ಹೇಳಬಹುದಿತ್ತಲ್ಲಮ್ಮ," ಎಂದ ದೂರಪ್ಪ, ಬಹಳ ನೊಂದು.

ಹೆಂಡತಿಗೆ ಇದ್ಯಾವುದೂ ಮುಖ್ಯವಾಗಿ ಕಾಣಲಿಲ್ಲ. "ಹನಿ ಆಮೇಲೆ ನೋಡೋಣ ಡಾಕ್ಟ್ರೇ. ಮೋರಿ ತೆಗೆದು ಇಷ್ಟು ದಿನ ಆಯ್ತು, ಇವರಿಗೆ ಇನ್ನೂ ಕಣ್ಣೀರು ಬಂದಿಲ್ಲ. ನಮ್ಮಪ್ಪ ಹೋದಾಗಿಂದ ಒಳಗೇ ನಿಂತಿರೋದು."

ಡಾಕ್ಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಒಂದು ಕ್ಷಣ ಮುಖವನ್ನು ಕಡತದ ಹಿಂದೆ ಮರೆಮಾಡಿಕೊಂಡರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಕಣ್ಣೀರು ಹುಟ್ಟುವುದು ಮೇಲಿನ ರೆಪ್ಪೆಯ ಹಿಂದೆ. ಅದು ಕಣ್ಣಿನ ಹೊರಮೈ ತೊಳೆದು ಹೋಗುತ್ತದೆ. ಈ ನೀರು ಕಣ್ಣುಗುಡ್ಡೆಯ ಒಳಗೇ ಹುಟ್ಟಿ, ಒಳಗೇ ಸುತ್ತಿ, ಜಾಲರಿಯ ಮೂಲಕ ರಕ್ತಕ್ಕೆ ಸೇರುತ್ತದೆ. "ಲೇಸರ್ ಆ ಜಾಲರಿಯನ್ನ ಚುರುಕು ಮಾಡುತ್ತೆ ಅಷ್ಟೇ. ಮನೆ ಹೊರಗೆ ಬೀಳೋ ಮಳೆಗೂ ಮನೆಯೊಳಗಿನ ನಲ್ಲಿಗೂ ಎಷ್ಟು ಸಂಬಂಧವೋ, ಇವೆರಡಕ್ಕೂ ಅಷ್ಟೇ."

ದೂರಪ್ಪ ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಮೊದಲ ಬಾರಿಗೆ ಗಮನವಿಟ್ಟು ಓದತೊಡಗಿದ.

"ಹಾಗಾದ್ರೆ ಅಪ್ಪ ಹೋದಾಗ ಇವರೊಳಗೆ ಏನೂ ಇರಲಿಲ್ವಾ?" ಎಂದಳು ಹೆಂಡತಿ.

"ಅದು ಈ ಮೆಷಿನ್ನಲ್ಲಿ ಕಾಣಲ್ಲಮ್ಮ," ಎಂದರು ಡಾಕ್ಟರಮ್ಮ. ನಗು ಹೋಗಿ ಅವರ ದನಿ ಗಟ್ಟಿಯಾಗಿತ್ತು. "ಕಾಣೋದನ್ನ ಹೇಳ್ತೀನಿ ಕೇಳಿ. ಈ ಒತ್ತಡ ಕಣ್ಣಿನ ಹಿಂದಿನ ನರವನ್ನ ತಿನ್ನುತ್ತೆ. ನೋವಿಲ್ಲ, ಸದ್ದಿಲ್ಲ. ನೋಟ ಅಂಚಿನಿಂದ ಹೋಗ್ತಾ ಬರುತ್ತೆ. ಇವರಿಗೆ ಎಡಗಣ್ಣಿನ ಅಂಚಲ್ಲಿ ಸ್ವಲ್ಪ ಆಗಲೇ ಹೋಗಿದೆ. ಹೋದದ್ದು ವಾಪಸು ಬರಲ್ಲ. ಉಳಿದದ್ದು ಉಳೀಬೇಕಾದ್ರೆ ಹನಿ ದಿನಾ ಬೀಳಬೇಕು."

ಹೆಂಡತಿ ಬಾಯಲ್ಲಿ ಸಿದ್ಧಪಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿದಳು. ಎಡಗಡೆ ಕೂತಿದ್ದವಳು ಮೆಲ್ಲಗೆ ಎದ್ದು, ಅವನಿಗೆ ಕಾಣುವ ಕಡೆಗೆ ಬಂದು ನಿಂತಳು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಭಾಮೈದನ ಜಾಯಮಾನವಲ್ಲ. "ನಮ್ಮ ಮನೆತನದಲ್ಲಿ ಈ ತೊಂದರೆ ಇಲ್ಲ ಡಾಕ್ಟ್ರೇ," ಎಂದ. "ನಂದು ನೋಡಿ, ಧಾರಾಕಾರ. ಯಾವಾಗ ಬೇಕಾದ್ರೂ, ಎಲ್ಲಿ ಬೇಕಾದ್ರೂ."

"ಒಂದ್ಸಲ ಇಲ್ಲಿ ಗಲ್ಲ ಇಡಿ," ಎಂದರು ಡಾಕ್ಟರಮ್ಮ.

ಅವನು ಗಲ್ಲ ಇಟ್ಟ. ನೀಲಿ ಬೆಳಕು ಬಂತು. ಡಾಕ್ಟರಮ್ಮನ ಹುಬ್ಬು ಮತ್ತೆ ಗಂಟಾಯಿತು.

"ನಿಮ್ಮದು ಇವರಿಗಿಂತ ಜಾಸ್ತಿ ಇದೆಯಲ್ಲ."

ಭಾಮೈದ ತಲೆಯೆತ್ತಿದ. ಎರಡೂ ಕಣ್ಣಿಂದ ನೀರು ದಳದಳ ಇಳಿಯತೊಡಗಿತು. "ಹೇಗೆ ಸಾಧ್ಯ ಡಾಕ್ಟ್ರೇ," ಎಂದು ಕೆನ್ನೆ ತೋರಿಸಿದ. "ಹರೀತಾ ಇದೆಯಲ್ಲ, ನೋಡಿ."

"ಅದು ಬೇರೆ ನೀರು," ಎಂದರು ಡಾಕ್ಟರಮ್ಮ, ಹತ್ತಿ ಕೊಟ್ಟು.

ವಾಪಸು ಬರುವಾಗ ಬಸ್ಸಿನಲ್ಲಿ ಭಾಮೈದ ಕಿಟಕಿಯ ಪಕ್ಕ ಮುದುರಿಕೊಂಡು ಕೂತಿದ್ದ. ಅಲ್ಲಿಂದಲೇ, "ಭಾವ, ಲೇಸರ್ ಮಾಡುವಾಗ ನೋವಾಗುತ್ತಾ?" ಎಂದು ಕೇಳಿದ.

"ಏನೂ ಇಲ್ಲ. ಹಸಿರು ಮಿಣುಕು ಬರುತ್ತೆ ಅಷ್ಟೇ. ನಾನೂ ಜೊತೆಗೆ ಬರ್ತೀನಿ," ಎಂದ ದೂರಪ್ಪ. ಆಮೇಲೆ ಎದುರಿನ ಸೀಟಿನಲ್ಲಿದ್ದ ಹೆಂಡತಿಯ ಕಡೆ ಬಾಗಿ, ಅವಳು ಕೇಳದಿದ್ದರೂ ಹೇಳಿದ. "ನಿಮ್ಮಪ್ಪ ಹೋದ ದಿನ ನನಗೆ ಕೈಕಾಲೇ ಆಡಲಿಲ್ಲ ಕಣೇ. ಎಲ್ಲರೂ ಅಳ್ತಾ ಇದ್ರು. ನನಗೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಕಟ್ಟಿದ ಬಚ್ಚಲಿಗೆ ಏನು ಮಾಡ್ಬೇಕು ಅಂತ ಮಾತ್ರ ಗೊತ್ತಿತ್ತು."

ಇಳಿಯುವ ಸ್ಟಾಪು ಬಂದಾಗ ಹೆಂಡತಿ ಅವನ ತೋಳು ಹಿಡಿದು ಇಳಿಸಿದಳು. ಅಷ್ಟೊಂದು ಹಿಡಿಯುವ ಅಗತ್ಯವೇನೂ ಇರಲಿಲ್ಲ.

ಅಂದಿನಿಂದ ಹನಿಯ ಅಧಿಕಾರ ಅವಳ ಕೈಗೆ ಹೋಯಿತು. ಸಂಜೆಯಾದರೆ ದೂರಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕೂರಬೇಕು, ಅವಳು ರೆಪ್ಪೆ ಬಿಡಿಸಿ ಹನಿ ಹಾಕಬೇಕು. ಚುರ್ರೆಂದರೂ ತುಟಿಪಿಟಕ್ ಎನ್ನುವಂತಿಲ್ಲ. ಭಾಮೈದನ ಲೇಸರೂ ಆಯಿತು. ಮುಂದಿನ ತಪಾಸಣೆಯಲ್ಲಿ ದೂರಪ್ಪನ ಒತ್ತಡ ಇಳಿದಿತ್ತು. ಲೇಸರ್ ಕೆಲಸ ಮಾಡಿದೆ, ಹನಿ ಮುಂದುವರಿಸಿ ಎಂದರು ಡಾಕ್ಟರಮ್ಮ. ಮುಂದುವರಿಸಿ ಎಂಬ ಪದವನ್ನು ಅವರು ಆರಿಸಿ ಹೇಳಿದರು. ಓಣಿಯಲ್ಲಿ ಮಾತ್ರ ದೂರಪ್ಪನ ಮರ್ಯಾದೆ ಮಣ್ಣುಪಾಲಾಗಿತ್ತು. ಇವನ ಕಣ್ಣಿನಿಂದ ಏನೂ ಬಾರದು ಎಂದು ದರ್ಜಿ ತೀರ್ಪು ಕೊಟ್ಟು, ಟೇಪು ಸುತ್ತಿಟ್ಟಿದ್ದ.

ಒಂದು ಸಂಜೆ ಹೆಂಡತಿ ಹನಿ ಹಾಕುತ್ತಿರುವಾಗ ದೂರಪ್ಪನಿಗೆ ಕೆಮ್ಮು ಬಂತು. ಬಾಟಲಿ ಒತ್ತಿಹೋಗಿ ನಾಲ್ಕಾರು ಹನಿ ಒಟ್ಟಿಗೇ ಬಿದ್ದು, ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಧಾರೆ ಇಳಿಯಿತು. ಉರಿಗೆ ಮೂಗೂ ಸುರಿಯತೊಡಗಿತು. ಸರಿಯಾಗಿ ಆಗಲೇ, ಚಿಲಕ ಹಾಕದ ಬಾಗಿಲು ತಳ್ಳಿಕೊಂಡು ಟೀಚರಮ್ಮ ಒಳಗೆ ಕಾಲಿಟ್ಟರು. ಹಿಂದೆಯೇ ದರ್ಜಿ, ಹೊಲಿದ ಅಂಗಿ ಕೊಡಲು ಬಂದವನು.

ಇಬ್ಬರೂ ಹೊಸ್ತಿಲಲ್ಲೇ ನಿಂತರು. ದೂರಪ್ಪನ ಮುಖ ತೊಯ್ದು ಹೊಳೆಯುತ್ತಿತ್ತು.

"ಬಂತಾ?" ಎಂದು ಟೀಚರಮ್ಮ ಪಿಸುಗುಟ್ಟಿದರು.

ದೂರಪ್ಪ ನಿಜ ಹೇಳಲು ಬಾಯಿ ತೆರೆದ. ಹೆಂಡತಿ ಅವನ ಹೆಗಲನ್ನು ಒತ್ತಿಹಿಡಿದಳು. ಬಾಟಲಿ ಅವಳ ಮುಷ್ಟಿಯೊಳಗೆ ಮಾಯವಾಯಿತು.

"ಈಗ ತಾನೇ ಶುರುವಾಯ್ತು ಟೀಚರ್," ಎಂದಳು ಗಂಭೀರವಾಗಿ. "ನಮ್ಮಪ್ಪನ ಮಾತು ಬಂತು ನೋಡಿ, ತಡ್ಕೊಳ್ಳೋಕೇ ಆಗ್ಲಿಲ್ಲ ಇವರಿಗೆ. ಬಾಗಿಲು ಸ್ವಲ್ಪ ಮುಂದಕ್ಕೆ ಎಳ್ಕೊಂಡು ಹೋಗ್ತೀರಾ?"